ದವಡೆಯ ಗಂಟಿನ ಬಯಾಪ್ಸಿ ಆದಮೇಲೂ ರಕ್ತ ಪರೀಕ್ಷೆ ಯಾಕೆ ಕೇಳುತ್ತಾರೆ?

ಓದುವ ಬೇರೆಯವರಿಗೂ ಅನುಕೂಲವಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಅಕ್ಕನಿಗೆ 36 ವರ್ಷ. ಕೆಳದವಡೆಯಲ್ಲಿ ನಿಧಾನವಾಗಿ ಊತ ಬಂತು, ಎರಡು ಹಲ್ಲು ಅಲುಗಾಡತೊಡಗಿದವು. ಬಯಾಪ್ಸಿ ರಿಪೋರ್ಟಿನಲ್ಲಿ ‘ಜೈಂಟ್ ಸೆಲ್ ಲೀಷನ್, ಕ್ಲಿನಿಕಲ್ ಕೋರಿಲೇಷನ್ ಅಗತ್ಯ’ (ಅಂದರೆ ರೋಗಿಯ ಲಕ್ಷಣ, ಬೇರೆ ಪರೀಕ್ಷೆಗಳ ಜೊತೆ ತಾಳೆ ನೋಡಬೇಕು) ಅಂತಷ್ಟೇ ಇದೆ. ಈಗ ಸರ್ಜನ್ ಆಪರೇಷನ್ ಮುಂದಕ್ಕೆ ಹಾಕಿ, ಕ್ಯಾಲ್ಸಿಯಂ, ಪಿಟಿಎಚ್ ಅಂತ ರಕ್ತ ಪರೀಕ್ಷೆ ಬರೆದುಕೊಟ್ಟಿದ್ದಾರೆ. ತುಂಡು ತೆಗೆದು ನೋಡಿದ ಮೇಲೂ ಕಾಯಿಲೆ ಯಾವುದು ಅಂತ ಗೊತ್ತಾಗಲಿಲ್ಲವಾ, ಅಥವಾ ಸುಮ್ನೆ ಓಡಾಡಿಸುತ್ತಿದ್ದಾರಾ ಅನ್ನೋದು ನಿಮ್ಮ ಅನುಮಾನ.

ನಾನು ಓರಲ್ ಪೆಥಾಲಜಿಸ್ಟ್. ಅಂದರೆ ದಂತವೈದ್ಯೆಯಾಗಿ ಓದಿ, ಆಮೇಲೆ ಬಾಯಿಯ ತುಂಡುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದನ್ನೇ ಕೆಲಸ ಮಾಡಿಕೊಂಡವಳು. ನಿಮ್ಮ ಅಕ್ಕನ ಸ್ಲೈಡು ನಾನು ನೋಡಿಲ್ಲ, ಹಾಗಾಗಿ ಅವರ ಕಾಯಿಲೆ ಇದೇ ಅಂತ ಹೇಳಲಾರೆ. ಆದರೆ ಆ ಸರ್ಜನ್ ಸರಿಯಾದ ಕೆಲಸ ಮಾಡಿದ್ದಾರೆ. ಯಾಕೆ ಅಂತ ಹೇಳುತ್ತೇನೆ.

ಬಯಾಪ್ಸಿ ಅಂದರೆ ಕೊನೆಯ ತೀರ್ಪು ಅಂತ ಜನ ಅಂದುಕೊಂಡಿರುತ್ತಾರೆ. ತುಂಬಾ ಸಲ ಅದು ನಿಜವೂ ಹೌದು. ನಾಲಿಗೆಯ ಮಾಮೂಲಿ ಕ್ಯಾನ್ಸರ್ ಆದರೆ ಸ್ಲೈಡ್ ನೋಡಿದ ಕೂಡಲೇ ಹೇಳಬಹುದು. ಆದರೆ ಬಾಯಿಯ ಅಪರೂಪದ ಗಡ್ಡೆಗಳಲ್ಲಿ, ಇಡೀ ಮೈಯ ಕಾಯಿಲೆ ಬಾಯಿಯಲ್ಲಿ ಕಾಣಿಸಿಕೊಂಡಾಗಲಂತೂ, ಸ್ಲೈಡ್ ಅರ್ಧ ಮಾತ್ರ ಹೇಳುತ್ತದೆ. ಉಳಿದರ್ಧ ಎಕ್ಸ್‌ರೇಯಲ್ಲಿ, ರಕ್ತದಲ್ಲಿ, ರೋಗಿ ಹೇಳುವ ಕತೆಯಲ್ಲಿ ಇರುತ್ತದೆ. ಜೈಂಟ್ ಸೆಲ್ ಲೀಷನ್ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳಿಗೆ ನಾವು ಇದನ್ನು ಪದೇ ಪದೇ ಕೇಳುವುದೂ ಅದಕ್ಕೇ.

ಜೈಂಟ್ ಸೆಲ್ ಅಂದರೆ ಒಂದೇ ಜೀವಕೋಶದೊಳಗೆ ಹತ್ತಾರು ನ್ಯೂಕ್ಲಿಯಸ್ ಇರುವ ದೊಡ್ಡ ಕೋಶ. ಮೂಳೆಯನ್ನು ಕರಗಿಸುವ ಕೋಶಗಳ ಜಾತಿಯದು. ದವಡೆಯಲ್ಲಿ ಇಂಥ ಕೋಶಗಳು ತುಂಬಿಕೊಂಡ ಗಂಟು ಬಂದರೆ ಅದು ‘ಸೆಂಟ್ರಲ್ ಜೈಂಟ್ ಸೆಲ್ ಗ್ರಾನ್ಯುಲೋಮಾ’ ಆಗಿರಬಹುದು. ಇದು ದವಡೆಗಷ್ಟೇ ಸೇರಿದ ತೊಂದರೆ, ಕ್ಯಾನ್ಸರ್ ಅಲ್ಲ. 30 ವರ್ಷದ ಒಳಗಿನವರಲ್ಲಿ, ಹೆಂಗಸರಲ್ಲಿ ಜಾಸ್ತಿ. ಅಥವಾ ಅದು ಹೈಪರ್‌ಪ್ಯಾರಾಥೈರಾಯ್ಡಿಸಂ ಎಂಬ ಕಾಯಿಲೆಯ ‘ಬ್ರೌನ್ ಟ್ಯೂಮರ್’ ಆಗಿರಬಹುದು. ಇವೆರಡೂ ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುತ್ತವೆ. ಎಷ್ಟೇ ಅನುಭವ ಇರುವ ಪೆಥಾಲಜಿಸ್ಟ್ ಆದರೂ ಸ್ಲೈಡ್ ಒಂದನ್ನೇ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಆದ್ದರಿಂದ ಆ ರಿಪೋರ್ಟ್ ಬರೆದವರು ತಪ್ಪಿಸಿಕೊಂಡಿಲ್ಲ. ಸ್ಲೈಡಿನಲ್ಲಿ ಎಷ್ಟು ಕಂಡಿತೋ ಅಷ್ಟನ್ನೇ ಬರೆದಿದ್ದಾರೆ.

ನಮ್ಮ ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿವೆ. ಅವೇ ಪ್ಯಾರಾಥೈರಾಯ್ಡ್. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ನೋಡಿಕೊಳ್ಳುವುದು ಇವುಗಳ ಕೆಲಸ. ಅದಕ್ಕೆ ಇವು ಬಿಡುವ ಹಾರ್ಮೋನೇ ಪಿಟಿಎಚ್. ಈ ನಾಲ್ಕರಲ್ಲಿ ಒಂದು ಬೆಳೆದು ಗಂಟಾದರೆ ಹಾರ್ಮೋನ್ ಅತಿಯಾಗುತ್ತದೆ, ಇದೇ ಹೈಪರ್‌ಪ್ಯಾರಾಥೈರಾಯ್ಡಿಸಂ. ಮೂಳೆಯಿಂದ ಕ್ಯಾಲ್ಸಿಯಂ ಸೋರತೊಡಗುತ್ತದೆ. ಮೂಳೆ ಕರಗಿದ ಜಾಗದಲ್ಲಿ ಜೈಂಟ್ ಸೆಲ್‌ಗಳು, ಹೊಸ ನಾರು, ಸಣ್ಣಪುಟ್ಟ ರಕ್ತಸ್ರಾವ ಸೇರಿ ಕಂದು ಬಣ್ಣದ ಗಂಟಾಗುತ್ತದೆ, ಅದೇ ಬ್ರೌನ್ ಟ್ಯೂಮರ್. ಅದು ದವಡೆಯಲ್ಲೂ ಆಗಬಹುದು, ಪಕ್ಕೆಲುಬಿನಲ್ಲೂ ಆಗಬಹುದು. ದೀರ್ಘಕಾಲ ಕಿಡ್ನಿ ತೊಂದರೆ ಇರುವವರಲ್ಲೂ ಪಿಟಿಎಚ್ ಏರಿ ಇದೇ ಕತೆ ನಡೆಯುತ್ತದೆ. ಅವರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರಲೇಬೇಕೆಂದಿಲ್ಲ, ಕಡಿಮೆಯೂ ಇರಬಹುದು. ಅದಕ್ಕೇ ಕ್ಯಾಲ್ಸಿಯಂ ಒಂದನ್ನೇ ನೋಡಿ ‘ನಾರ್ಮಲ್’ ಅಂತ ಬಿಡಬಾರದು. ಪಿಟಿಎಚ್, ಫಾಸ್ಫರಸ್, ವಿಟಮಿನ್ ಡಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಲ್ಲ ಒಟ್ಟಿಗೆ ನೋಡಬೇಕು.

ಈಗ ಆಪರೇಷನ್ ಯಾಕೆ ಮುಂದಕ್ಕೆ ಹಾಕಿದರು ಅನ್ನೋದಕ್ಕೆ ಬರುತ್ತೇನೆ. ಬ್ರೌನ್ ಟ್ಯೂಮರ್ ಆಗಿದ್ದರೆ ಚಿಕಿತ್ಸೆ ದವಡೆಗಲ್ಲ, ಕುತ್ತಿಗೆಗೆ. ಕೆಟ್ಟ ಗ್ರಂಥಿಯನ್ನು ತೆಗೆದರೆ ದವಡೆಯ ಗಂಟು ಎಷ್ಟೋ ಸಲ ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗಿ ಮೂಳೆ ತುಂಬಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ದವಡೆಯನ್ನು ಕೆರೆದರೆ ಹಲ್ಲೂ ಹೋಗುತ್ತದೆ, ಗಂಟೂ ಮತ್ತೆ ಬರುತ್ತದೆ, ಒಳಗಿನ ಕಾಯಿಲೆ ಕಿಡ್ನಿಯಲ್ಲಿ ಕಲ್ಲು ಮಾಡುತ್ತಾ, ಮೂಳೆ ಸವೆಸುತ್ತಾ ಹಾಗೇ ಉಳಿಯುತ್ತದೆ. ಒಂದು ರಕ್ತ ಪರೀಕ್ಷೆಗೆ ಇಷ್ಟು ತೂಕ ಇದೆ.

ಹಾಗಂತ ಎಲ್ಲ ಅಪರೂಪದ ಕಾಯಿಲೆಯೂ ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ ಅಂತಲ್ಲ. ಒಂದೊಂದಕ್ಕೆ ಒಂದೊಂದು ದಾರಿ.

ಪೆಂಫಿಗಸ್ ವಲ್ಗಾರಿಸ್ ತೆಗೆದುಕೊಳ್ಳಿ. ಮೈಯ ರೋಗನಿರೋಧಕ ಶಕ್ತಿ ತನ್ನದೇ ಚರ್ಮದ ಕೋಶಗಳ ನಡುವಿನ ಅಂಟನ್ನು ಬಿಡಿಸಿಬಿಡುವ ಕಾಯಿಲೆ ಇದು. ಚರ್ಮದ ಮೇಲೆ ಗುಳ್ಳೆ ಬರುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಬಾಯಿಯಲ್ಲಿ ಹುಣ್ಣಾಗಿ ಶುರುವಾಗುವುದು ಬಹಳ ಸಾಮಾನ್ಯ. ಜನ ಬಾಯಿಹುಣ್ಣು ಅಂತ ಮುಲಾಮು ಹಚ್ಚಿಕೊಂಡು, ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿಕೊಂಡು ಕಾಲ ಕಳೆಯುತ್ತಾರೆ. ಇದನ್ನು ಖಚಿತ ಮಾಡಲು ‘ಡೈರೆಕ್ಟ್ ಇಮ್ಯುನೋಫ್ಲೋರೆಸೆನ್ಸ್’ ಎಂಬ ಪರೀಕ್ಷೆ ಬೇಕು, ಅಂದರೆ ಕೋಶಗಳ ನಡುವೆ ಅಂಟಿಕೊಂಡ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ತೋರಿಸುವ ಪರೀಕ್ಷೆ. ತುಂಡನ್ನು ಎಲ್ಲಿಂದ ತೆಗೆಯುತ್ತಾರೆ, ಯಾವುದರಲ್ಲಿ ಹಾಕುತ್ತಾರೆ ಅನ್ನೋದು ಇಲ್ಲಿ ಬಹಳ ಮುಖ್ಯ. ಹುಣ್ಣಿನ ನಡುವಿನಿಂದ ತೆಗೆದರೆ ಅಲ್ಲಿ ಮೇಲ್ಪದರವೇ ಇರುವುದಿಲ್ಲ, ನೋಡಲು ಏನೂ ಉಳಿದಿರುವುದಿಲ್ಲ. ಹುಣ್ಣಿನ ಪಕ್ಕದ ಚೆನ್ನಾಗಿ ಕಾಣುವ ಜಾಗದಿಂದ ತೆಗೆಯಬೇಕು. ಮಾಮೂಲಿ ಬಯಾಪ್ಸಿ ತುಂಡನ್ನು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಈ ಪರೀಕ್ಷೆಯ ತುಂಡಿಗೆ ಮಾತ್ರ ಫಾರ್ಮಲಿನ್ ಆಗದು, ಮಿಶೆಲ್ ದ್ರಾವಣದಂಥದ್ದು ಬೇಕು. ಅಂದರೆ ಎರಡು ತುಂಡು, ಎರಡು ಬಾಟಲಿ. ಒಂದೇ ಬಾಟಲಿ ಫಾರ್ಮಲಿನ್‌ನಲ್ಲಿ ಬಂದ ತುಂಡಿನ ಜೊತೆ ‘ಪೆಂಫಿಗಸ್ ಇದೆಯಾ ನೋಡಿ’ ಅಂತ ಚೀಟಿ ಇದ್ದರೆ ನಮಗೆ ಅರ್ಧ ಕೈ ಕಟ್ಟಿದಂತೆ.

ಹಾಗೆ ನೋಡಿದರೆ ಬಾಯಿಯ ಕಾಯಿಲೆ ಗೊತ್ತಾಗದೆ ಉಳಿಯುವುದು ಹೆಚ್ಚಾಗಿ ಲ್ಯಾಬಿನಲ್ಲಿ ಅಲ್ಲ. ತುಂಡು ಲ್ಯಾಬಿಗೆ ಬರುವ ಮುಂಚೆಯೇ ದಾರಿ ತಪ್ಪಿರುತ್ತದೆ. ‘ವಯಸ್ಸು 40, ಬಾಯಿಯ ಹುಣ್ಣು’ ಅಂತ ಎರಡೇ ಪದ ಬರೆದ ಚೀಟಿ ಜೊತೆ ಒಂದು ಚೂರು ಮಾಂಸ ಬರುತ್ತದೆ. ಎಕ್ಸ್‌ರೇ ಇಲ್ಲ, ಫೋಟೋ ಇಲ್ಲ, ರೋಗಿ ಏನು ಮಾತ್ರೆ ತಗೊಳ್ತಾರೆ ಅನ್ನೋದೂ ಇಲ್ಲ. ಬಿಪಿಗೆ ಕೊಡುವ ಅಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದ ವಸಡು ದಪ್ಪ ಆಗುತ್ತದೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲೂ ವಸಡು ದಪ್ಪ ಆಗುತ್ತದೆ. ಇದ್ದಕ್ಕಿದ್ದಂತೆ ವಸಡು ಊದಿ, ತಾನಾಗಿ ರಕ್ತ ಬಂದು, ಜೊತೆಗೆ ಸುಸ್ತು ಜ್ವರ ಇದ್ದರೆ ಬ್ಲೇಡ್ ಹಿಡಿಯುವ ಮೊದಲು ಒಂದು ಬ್ಲಡ್ ಕೌಂಟ್ ಮಾಡಿಸಬೇಕು. ಪ್ಲೇಟ್‌ಲೆಟ್ ಕಡಿಮೆ ಇರುವವರ ವಸಡಿನ ಬಯಾಪ್ಸಿ ಮಾಡಿದರೆ ರಕ್ತ ನಿಲ್ಲಿಸುವುದೇ ಕಷ್ಟ. ಉತ್ತರವೂ ಆ ಕೌಂಟ್‌ನಲ್ಲೇ ಸಿಕ್ಕಿಬಿಡಬಹುದು.

ಇನ್ನೊಂದು ಕಡೆಯ ಅಪಾಯವೂ ಇದೆ. ಕ್ಯಾನ್ಸರ್ ಅಲ್ಲದ್ದು ಕ್ಯಾನ್ಸರ್ ಥರ ಕಾಣುವುದು. ಅಂಗುಳಿನಲ್ಲಿ ದಿಢೀರ್ ಅಂತ ಆಳವಾದ ಹುಣ್ಣು ಬರುವ ‘ನೆಕ್ರೊಟೈಸಿಂಗ್ ಸಿಯಾಲೊಮೆಟಾಪ್ಲೇಸಿಯಾ’ ಅಂತ ಒಂದಿದೆ. 1973ರಲ್ಲಿ ಮೊದಲು ವರದಿಯಾಯಿತು. ಸಣ್ಣ ಜೊಲ್ಲುಗ್ರಂಥಿಗಳಿಗೆ ರಕ್ತ ಓಡಾಟ ನಿಂತು ಅವು ಸತ್ತು ಉದುರುವುದರಿಂದ ಇದು ಆಗುತ್ತದೆ ಅಂತ ತಿಳಿಯಲಾಗಿದೆ. ನೋಡಲು ಭಯಂಕರ, ಸ್ಲೈಡಿನಲ್ಲೂ ಕ್ಯಾನ್ಸರ್ ಅಂತ ಮೋಸ ಹೋಗುವಷ್ಟು ಹೋಲಿಕೆ. ಆದರೆ ಸಾಮಾನ್ಯವಾಗಿ 6ರಿಂದ 10 ವಾರದಲ್ಲಿ ಏನೂ ಮಾಡದೆ ಮಾಯುತ್ತದೆ. ನಾಲಿಗೆಯ ಗ್ರಾನ್ಯುಲರ್ ಸೆಲ್ ಟ್ಯೂಮರ್ ಎಂಬ ಗಡ್ಡೆ ಕೂಡ ಹೀಗೇ ಕ್ಯಾನ್ಸರ್ ಅಂತ ಮೋಸ ಮಾಡುತ್ತದೆ. ಅದರ ಮೇಲಿನ ಪದರ ಕ್ಯಾನ್ಸರ್ ಥರ ಒಳಗಿಳಿದು ಬೆಳೆದಿರುತ್ತದೆ. ತುಂಡು ತೀರಾ ಮೇಲಿಂದ ತೆಗೆದಿದ್ದರೆ ಅಸಲಿ ಗಡ್ಡೆ ತುಂಡಿನಲ್ಲಿ ಬಂದೇ ಇರುವುದಿಲ್ಲ, ಬರೀ ಆ ಪದರ ನೋಡಿ ಕ್ಯಾನ್ಸರ್ ಅಂದುಬಿಡುವ ಸಾಧ್ಯತೆ ಇದೆ. ಹಾಗಾಗಿ ದೊಡ್ಡ ಆಪರೇಷನ್‌ಗೆ ಮುಂಚೆ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುತ್ತೇನೆ ಅಂತ ಕೇಳಲು ಸಂಕೋಚ ಬೇಡ. ನಾವ್ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕಷ್ಟದ ಸ್ಲೈಡುಗಳನ್ನು ನಾವೇ ಒಬ್ಬರಿಗೊಬ್ಬರು ಕಳಿಸುತ್ತಿರುತ್ತೇವೆ. ಸ್ಲೈಡ್ ಜೊತೆ, ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬ್ಲಾಕ್ ಇದ್ದರೆ ಹೊಸ ಸ್ಲೈಡ್ ಕತ್ತರಿಸಿ ವಿಶೇಷ ಬಣ್ಣಗಳನ್ನು ಹಾಕಿ ನೋಡಬಹುದು.

ಆ ವಿಶೇಷ ಬಣ್ಣಗಳು ಎಷ್ಟೋ ಅಪರೂಪದ ಗಡ್ಡೆಗಳಲ್ಲಿ ಕೊನೆಯ ಉತ್ತರ ಕೊಡುತ್ತವೆ. ಪುಟ್ಟ ಮಗುವಿನ ಹಲ್ಲುಗಳು ಅಕಾಲದಲ್ಲಿ ಅಲುಗಾಡುತ್ತವೆ, ಎಕ್ಸ್‌ರೇಯಲ್ಲಿ ಹಲ್ಲು ಮೂಳೆಯ ಆಸರೆಯೇ ಇಲ್ಲದೆ ತೇಲಿದಂತೆ ಕಾಣುತ್ತದೆ ಅಂದುಕೊಳ್ಳಿ. ರೋಗನಿರೋಧಕ ಕೋಶಗಳ ಒಂದು ಜಾತಿ ಅತಿಯಾಗಿ ಬೆಳೆಯುವ ಲ್ಯಾಂಗರ್‌ಹ್ಯಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್ ಇರಬಹುದು. ಸಿಡಿ1ಎ, ಲ್ಯಾಂಗರಿನ್ ಎಂಬ ಎರಡು ಗುರುತುಗಳು ಕೋಶದಲ್ಲಿ ಸಿಕ್ಕರೆ ಖಾತ್ರಿ. ಆದರೆ ಮಗುವಿನ ಹಾಲುಹಲ್ಲು ಬೇರು ಸಮೇತ, ನೋವಿಲ್ಲದೆ ಬಿದ್ದರೆ ನಾನು ಬಯಾಪ್ಸಿಗಿಂತ ಮೊದಲು ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ನೋಡಿ ಅನ್ನುತ್ತೇನೆ. ವಯಸ್ಸಿಗೆ ಇರಬೇಕಾದ್ದಕ್ಕಿಂತ ಅದು ತೀರಾ ಕಡಿಮೆ ಇದ್ದರೆ ಹೈಪೊಫಾಸ್ಫಟೇಸಿಯಾ ಎಂಬ ಹುಟ್ಟು ಕಾಯಿಲೆಯ ಸುಳಿವು. ಲ್ಯಾಬುಗಳು ಇದು ಜಾಸ್ತಿ ಇದ್ದರೆ ಮಾತ್ರ ಗುರುತು ಹಾಕುವುದೇ ಹೆಚ್ಚು, ಕಡಿಮೆ ಇದ್ದದ್ದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಈಚೆಗೆ ಜೀನ್ ಪರೀಕ್ಷೆಯೂ ಸೇರಿಕೊಂಡಿದೆ. ಹಲ್ಲು ರೂಪಿಸುವ ಕೋಶಗಳಿಂದ ದವಡೆಯಲ್ಲಿ ಬೆಳೆಯುವ ಅಮೆಲೊಬ್ಲಾಸ್ಟೋಮಾ ಎಂಬ ಗಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನಿನ ಬದಲಾವಣೆ ಸಾಮಾನ್ಯ ಅಂತ 2014ರಲ್ಲಿ ತಿಳಿಯಿತು. ಎಲ್ಲರಿಗೂ ಇದು ಬೇಕಾಗಿಲ್ಲ. ಸ್ಲೈಡಿನಲ್ಲಿ ತೀರ್ಮಾನ ಆಗದಾಗ, ಇಲ್ಲವೇ ಆಪರೇಷನ್ ಬದಲು ಔಷಧಿ ಯೋಚಿಸುವಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಅಂದ ಹಾಗೆ, ಹಳೆಯ ರಿಪೋರ್ಟಿನಲ್ಲಿ ‘ಟ್ಯೂಮರ್’ ಅಂತ ಇದ್ದದ್ದು ಹೊಸದರಲ್ಲಿ ‘ಸಿಸ್ಟ್’ ಆಗಿದೆ ಅಂತ ಕೆಲವರು ಗಾಬರಿಯಿಂದ ಬರುತ್ತಾರೆ. ದವಡೆಯ ಒಳಗೆ ಚೀಲದಂತೆ ಬೆಳೆಯುವ ಒಡೊಂಟೊಜೆನಿಕ್ ಕೆರಟೊಸಿಸ್ಟ್ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2005ರ ವರ್ಗೀಕರಣದಲ್ಲಿ ಟ್ಯೂಮರ್ ಪಟ್ಟಿಗೆ ಸೇರಿಸಿ, 2017ರಲ್ಲಿ ಮತ್ತೆ ಸಿಸ್ಟ್ ಮಾಡಿತು. ಕಾಯಿಲೆ ಬದಲಾಗಿಲ್ಲ, ಚಿಂತೆ ಬೇಡ.

ಕಾಯದೆ ತೋರಿಸಬೇಕಾದದ್ದು ಯಾವುದು ಅಂತಲೂ ನೀವು ಕೇಳಿದ್ದೀರಿ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಅದು ನೋಯದಿದ್ದರೂ ಸರಿ. ವಸಡಿನ ಕಾಯಿಲೆ ಇಲ್ಲದೆ ಸಡಿಲವಾಗುವ ಹಲ್ಲು. ಹಲ್ಲು ಕಿತ್ತ ಕುಳಿ ಮುಚ್ಚದೆ ಮಾಂಸ ಬೆಳೆಯುವುದು. ಇವುಗಳಲ್ಲಿ ನನಗೆ ಹೆಚ್ಚು ದಿಗಿಲಾಗುವುದು ಕೆಳದುಟಿ ಅಥವಾ ಗದ್ದ ಕಾರಣವಿಲ್ಲದೆ ಜೋಮು ಹಿಡಿದಾಗ. ಬೇರೆ ಕಡೆಯ ಕ್ಯಾನ್ಸರ್, ಉದಾಹರಣೆಗೆ ಸ್ತನದ್ದೋ ಶ್ವಾಸಕೋಶದ್ದೋ, ದವಡೆಯ ಮೂಳೆಗೆ ಹರಡಿದಾಗ ಕೆಲವೊಮ್ಮೆ ಈ ಜೋಮೇ ಮೊದಲ ಸೂಚನೆ. ಹೊರಗೆ ಊತ ಇರುವುದಿಲ್ಲ, ನೋವೂ ಇರುವುದಿಲ್ಲ, ಹಾಗಾಗಿ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಅಕ್ಕನ ವಿಷಯಕ್ಕೆ ಬಂದರೆ, ಪರೀಕ್ಷೆಗೆ ಹೋಗುವಾಗ ಡಾಕ್ಟರಿಗೆ ಕೆಲವು ಮಾತು ತಪ್ಪದೆ ಹೇಳಿ. ಕಿಡ್ನಿ ಕಲ್ಲು ಆಗಿತ್ತಾ, ಮೂಳೆ ನೋವು, ಮಲಬದ್ಧತೆ, ವಿಪರೀತ ಬಾಯಾರಿಕೆ ಇದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾಲ್ಸಿಯಂ ತೊಂದರೆ ಇಲ್ಲವೇ ದವಡೆಯ ಗಂಟು ಇತ್ತಾ. ಕೊನೆಯದು ಮುಖ್ಯ, ಯಾಕಂದರೆ ಹೈಪರ್‌ಪ್ಯಾರಾಥೈರಾಯ್ಡಿಸಂ ವಂಶದಲ್ಲಿ ಬರುವ ಬಗೆಗಳೂ ಇವೆ. ಅವುಗಳಲ್ಲಿ ಒಂದಕ್ಕೆ ದವಡೆಯ ಗಡ್ಡೆಯೇ ಗುರುತು. ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ ಏನಾದರೂ ತಗೊಳ್ತಿದ್ದರೆ ಅದನ್ನೂ ಹೇಳಿ.

ಪಿಟಿಎಚ್, ಕ್ಯಾಲ್ಸಿಯಂ ಎರಡೂ ಏರಿದ್ದರೆ ಮುಂದಿನ ದಾರಿ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಕಡೆಗೆ, ಕುತ್ತಿಗೆಯ ಸ್ಕ್ಯಾನ್ ಕಡೆಗೆ. ದವಡೆಯನ್ನು ಸದ್ಯಕ್ಕೆ ಮುಟ್ಟದೆ ಎಕ್ಸ್‌ರೇಯಲ್ಲಿ ಗಮನಿಸುತ್ತಾರೆ. ಎಲ್ಲವೂ ನಾರ್ಮಲ್ ಬಂದರೆ ಅದು ಗ್ರಾನ್ಯುಲೋಮಾ ಅನ್ನೋದು ಗಟ್ಟಿಯಾಗುತ್ತದೆ. ಆಗ ಸರ್ಜನ್ ಅದನ್ನು ಕೆರೆದು ತೆಗೆಯುತ್ತಾರೆ. ಬೇಗ ಬೆಳೆಯುವ ಬಗೆಯಾದರೆ ಮತ್ತೆ ಬರುವ ಸಂಭವ ಇರುವುದರಿಂದ, ಆಪರೇಷನ್ ಆದಮೇಲೆ ಎಷ್ಟು ತಿಂಗಳಿಗೊಮ್ಮೆ ಎಕ್ಸ್‌ರೇ ಮಾಡಿಸಬೇಕು ಅಂತ ಅವರನ್ನೇ ಕೇಳಿ ಬರೆಸಿಕೊಳ್ಳಿ.