ಓದುಗರ ಪ್ರಶ್ನೆ, ನಮ್ಮ ಉತ್ತರ: ಎಸ್. ನಿಜಲಿಂಗಪ್ಪನವರನ್ನು ಕುರಿತು

ಪ್ರಶ್ನೆ: ನಿಜಲಿಂಗಪ್ಪನವರು ಅಧಿಕಾರದಲ್ಲಿದ್ದ ಪ್ರಧಾನಿಯನ್ನೇ ಕಾಂಗ್ರೆಸ್ಸಿನಿಂದ ಉಚ್ಚಾಟಿಸಿದರೆಂದು ತರಗತಿಯಲ್ಲಿ ಕೇಳಿದೆ. ಅದಕ್ಕೆ ವೈಯಕ್ತಿಕ ಹಗೆ ಕಾರಣವೋ, ತತ್ವ ಕಾರಣವೋ?
(ಪದವಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಹಗೆ ಎನ್ನಲಾಗದು. 1966ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಪ್ರಧಾನಿಯಾಗಲು ಬೆಂಬಲ ಕೊಟ್ಟ ಮುಖ್ಯಮಂತ್ರಿಗಳಲ್ಲಿ ನಿಜಲಿಂಗಪ್ಪನವರೂ ಒಬ್ಬರು. 1968ರಲ್ಲಿ ಅವರು ಪಕ್ಷದ ಅಧ್ಯಕ್ಷರಾಗಿ, ಅದೇ ವರ್ಷದ ಮೇ ತಿಂಗಳಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. ಬಿಕ್ಕಟ್ಟು ಎದ್ದದ್ದು 1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡ ಮೇಲೆ. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನ ಸೇರಿದ್ದ ಹೊತ್ತಿನಲ್ಲಿಯೇ ಪಕ್ಷದ ಸಂಸದೀಯ ಮಂಡಳಿಯು ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಚುನಾವಣೆಗೆ ಅಭ್ಯರ್ಥಿಯಾಗಿ ಆರಿಸಿತು. ಪ್ರಧಾನಿಗೆ ಆ ಆಯ್ಕೆ ಒಪ್ಪಿಗೆಯಾಗಲಿಲ್ಲ. ಅವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಂಡರು, ಜುಲೈ 19ರಂದು 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು, ಕೊನೆಗೆ ಕಾಂಗ್ರೆಸ್ ಸದಸ್ಯರು ಆತ್ಮಸಾಕ್ಷಿಗೆ ಅನುಗುಣವಾಗಿ ಮತ ಹಾಕಬೇಕೆಂಬ ನಿಲುವು ತಳೆದರು. ರೆಡ್ಡಿಯವರ ಎದುರು ಪಕ್ಷೇತರರಾಗಿ ನಿಂತಿದ್ದ ವಿ. ವಿ. ಗಿರಿಯವರು ಗೆದ್ದರು.

ನಿಜಲಿಂಗಪ್ಪನವರ ಪ್ರಶ್ನೆ ಸರಳವಾಗಿತ್ತು: ಪಕ್ಷವು ಸಭೆ ಸೇರಿ ಮಾಡಿದ ತೀರ್ಮಾನಕ್ಕೆ ಪಕ್ಷದವರೇ ಬದ್ಧರಾಗದಿದ್ದರೆ ಅದು ಪಕ್ಷವಾಗಿ ಉಳಿಯುವುದು ಹೇಗೆ? ಆ ಪ್ರಶ್ನೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಅದನ್ನು ಗೆಲ್ಲಿಸಿಕೊಳ್ಳಲು ಹಿಡಿದ ದಾರಿಯಲ್ಲಿ ಅವರು ಎಡವಿದರು. ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ (ಮೊದಲ ಆಯ್ಕೆಯ ನಂತರದ) ಮತಗಳನ್ನು ಕೋರಿ ವಿರೋಧ ಪಕ್ಷಗಳಾದ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರೊಡನೆ ಮಾತುಕತೆ ನಡೆಸಿದ್ದು, ಎದುರಾಳಿ ಬಣದ ಕೈಗೆ ತಾವಾಗಿಯೇ ಆಯುಧ ಕೊಟ್ಟಂತಾಯಿತು. ನವೆಂಬರ್ 12ರಂದು ಉಚ್ಚಾಟನೆಯ ತೀರ್ಮಾನ ಹೊರಬಿದ್ದಾಗ ಸಂಸದರಲ್ಲಿ ಬಹುಪಾಲು ಜನ ಪ್ರಧಾನಿಯ ಕಡೆಗಿದ್ದರು; ನಿಜಲಿಂಗಪ್ಪನವರ ಕಡೆ ಉಳಿದದ್ದು ಸಂಸ್ಥಾ ಕಾಂಗ್ರೆಸ್ ಎಂಬ ಹೆಸರು ಪಡೆದ ಬಣ. 1971ರ ಲೋಕಸಭಾ ಚುನಾವಣೆಯಲ್ಲಿ ಅವರ ಸ್ವಂತ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಅವಿಭಜಿತ ಕಾಂಗ್ರೆಸ್ಸಿನ ಕೊನೆಯ ಅಧ್ಯಕ್ಷರೆಂದು ಅವರನ್ನು ಕರೆಯುವುದು ಪಕ್ಷ ಹೀಗೆ ಎರಡಾದ ಕಾರಣಕ್ಕೆ.

ಪ್ರಶ್ನೆ: ಅವರು ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲಿಯೇ ತಾನೆ?
(ಓದುಗರು, ಚಿತ್ರದುರ್ಗ)

ಉತ್ತರ: ಅಲ್ಲ. ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಪುಣೆಯಲ್ಲಿ ಕಾನೂನು ಓದಿ ಬಂದು ವಕೀಲಿ ನಡೆಸಿದ್ದು, 1939ರಲ್ಲಿ ಸತ್ಯಾಗ್ರಹದಲ್ಲಿ ತೊಡಗಿ ಸೆರೆಮನೆ ಸೇರಿದ್ದು ಮಾತ್ರ ಮೈಸೂರು ಸಂಸ್ಥಾನದ ಈ ಸೀಮೆಯಲ್ಲಿ. ಹುಟ್ಟೂರು ಒಂದು ಆಡಳಿತದಲ್ಲಿ, ಬದುಕು ಇನ್ನೊಂದು ಆಡಳಿತದಲ್ಲಿ, ಮಾತು ಮಾತ್ರ ಎರಡೂ ಕಡೆ ಕನ್ನಡವೇ ಆಗಿದ್ದವರು ಏಕೀಕರಣಕ್ಕೆ ಅಷ್ಟು ಗಟ್ಟಿಯಾಗಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಹರಪನಹಳ್ಳಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು; ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಅದರ ಮೊದಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡವರು ನಿಜಲಿಂಗಪ್ಪನವರು. ರಾಜಕೀಯದಿಂದ ದೂರ ಸರಿದ ಮೇಲೆ ನೆಲೆ ನಿಂತದ್ದು ನಿಮ್ಮ ಊರಿನಲ್ಲಿ. 2000ದ ಆಗಸ್ಟ್‌ನಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ಸೀಬಾರದ ಬಳಿ ಅವರ ಸ್ಮಾರಕವಿದೆ.

ಪ್ರಶ್ನೆ: ಹೊಸದುರ್ಗದಲ್ಲಿ ಸೋತ ಮೇಲೂ ಅವರು ಮುಖ್ಯಮಂತ್ರಿಯಾದದ್ದು ಹೇಗೆ?
(ನಿವೃತ್ತ ಶಿಕ್ಷಕರು, ಹೊಸದುರ್ಗ)

ಉತ್ತರ: 1962ರ ವಿಧಾನಸಭಾ ಚುನಾವಣೆಯ ಆ ಸೋಲಿನ ನಂತರ ಎಸ್. ಆರ್. ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯಾಗಿದ್ದರು. ಬಾಗಲಕೋಟೆಯ ಸ್ಥಾನ ತೆರವಾಗಿ ನಿಜಲಿಂಗಪ್ಪನವರು ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದ ಕೂಡಲೇ ಕಂಠಿಯವರು ಕುರ್ಚಿಯನ್ನು ಬಿಟ್ಟುಕೊಟ್ಟರು. ಮಾತಿಗೆ ತಪ್ಪದ ಕಂಠಿಯವರ ಹೆಸರನ್ನೂ ಇಲ್ಲಿ ಗೌರವದಿಂದ ನೆನೆಯಬೇಕು. ಬಾಗಲಕೋಟೆಯ ಪ್ರತಿನಿಧಿಯಾಗಿದ್ದ ಅವಧಿಯಲ್ಲಿಯೇ, 1964ರ ಮೇ 22ರಂದು, ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ಮುಂದೆ ಆ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗವೇ ಮುಳುಗಿತು, ಅಲ್ಲಿಯ ಜನ ನವನಗರಕ್ಕೆ ಹೋಗಿ ನೆಲೆಸಿದರು.