ಗೋದಾಮು ಖಾಲಿ ಮಾಡುವ ಮುನ್ನ

ನಮಸ್ಕಾರ,

ಸೇನೆಯ ಸರಬರಾಜಿಗೆ ಇ-ಕಾಮರ್ಸ್ ಕಂಪನಿಗಳ ಪದ್ಧತಿ ಬರಬೇಕು ಎನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲಾಗದು. ಭಾಷೆಯ ಬಗ್ಗೆ ತಕರಾರಿಲ್ಲ. ದಾಸ್ತಾನು ಇಡುವುದೇ ದಂಡ, ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳಬೇಕು ಎಂದು ಪುಟಗಟ್ಟಲೆ ಬರೆದಿದ್ದೀರಿ. ಒಂದಾದರೂ ಟ್ರಕ್ಕು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಅದರಲ್ಲಿಲ್ಲ. ‘ದಕ್ಷತೆ’ ಮಾತ್ರ ಪ್ಯಾರಾಕ್ಕೆ ಎರಡು ಸಲ ಬರುತ್ತದೆ.

1991ರ ಕೊಲ್ಲಿ ಯುದ್ಧವನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಲೇಖನದ ಜೀವ ಅಲ್ಲಿತ್ತು! ಅಮೆರಿಕ ಕೊಲ್ಲಿಗೆ ಸಾಗಿಸಿದ್ದು ಸುಮಾರು 40,000 ಕಂಟೇನರ್. ಒಳಗೇನಿದೆಯೆಂದು ಗೊತ್ತಾಗದೆ ಅರ್ಧಕ್ಕಿಂತ ಹೆಚ್ಚನ್ನು ಅಲ್ಲೇ ಬಾಗಿಲು ತೆಗೆದು ನೋಡಬೇಕಾಯಿತು. ಕೇಳಿದ್ದು ಬಂದೀತೆಂಬ ನಂಬಿಕೆ ಇಲ್ಲದ ತುಕಡಿಗಳು ಅದೇ ಬಿಡಿಭಾಗಕ್ಕೆ ಮತ್ತೆ ಮತ್ತೆ ಬೇಡಿಕೆ ಕಳಿಸಿದವು, ರಾಶಿ ಇನ್ನೂ ಬೆಳೆಯಿತು. ಯಾವ ಪೆಟ್ಟಿಗೆ ಎಲ್ಲಿದೆ ಎಂಬ ಲೆಕ್ಕ ಇಡುವುದನ್ನು ಕಂಪನಿಗಳಿಂದ ಕಲಿಯಬೇಕಿತ್ತು, ನಿಜ. ಒಳಗೇನಿದೆ, ಎಲ್ಲಿದೆ ಎಂದು ರೇಡಿಯೊ ಸಂಕೇತದಿಂದ ತಿಳಿಸುವ ಟ್ಯಾಗ್ ಕಂಟೇನರುಗಳಿಗೆ ಬಂದದ್ದು ಆಮೇಲೆ. ಅಂದಹಾಗೆ, ಆ ಯುದ್ಧದ ಸರಬರಾಜು ನೋಡಿಕೊಂಡ ಜನರಲ್ ಪಗೋನಿಸ್ ಅವರನ್ನು 1993ರಲ್ಲಿ ಸಿಯರ್ಸ್ ಎಂಬ ಮಳಿಗೆ ಸರಣಿ ತನ್ನ ಸಾಗಣೆ ವಿಭಾಗಕ್ಕೆ ಸೇರಿಸಿಕೊಂಡಿತು. ಸೇನೆಯನ್ನು ಬರೀ ದಡ್ಡ ವಿದ್ಯಾರ್ಥಿಯಂತೆ ಕಾಣುವ ನೀವು ಇದನ್ನೇಕೆ ಬಿಟ್ಟಿರಿ?

ಪೆಟ್ಟಿಗೆಯ ಜಾಡು ಹಿಡಿಯುವುದನ್ನೂ ದಾಸ್ತಾನು ಇಳಿಸುವುದನ್ನೂ ನೀವು ಕಲಸಿಬಿಟ್ಟಿದ್ದೀರಿ. 2003ರಲ್ಲಿ ಇರಾಕಿನಲ್ಲಿ ಲಿಥಿಯಂ ಬ್ಯಾಟರಿ, ಟೈರು, ಟ್ಯಾಂಕಿನ ಚಕ್ರಪಟ್ಟಿಗಳಿಗೆ ಅಮೆರಿಕ ಸೇನೆಯೇ ತತ್ವಾರ ಪಟ್ಟಿತು. ಮೀಸಲು ದಾಸ್ತಾನು ಸಾಲದಾಗಿತ್ತು, ಬೇಡಿಕೆಯ ಅಂದಾಜೂ ತಪ್ಪಿತ್ತು ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧಕರು ಬರೆದರು. ದೀಪಾವಳಿಗೆ ಎಷ್ಟು ಮೊಬೈಲ್ ಖರ್ಚಾದೀತೆಂದು ಕಂಪನಿ ಹಿಂದಿನ ವರ್ಷಗಳ ಲೆಕ್ಕ ನೋಡಿ ಹೇಳಬಲ್ಲದು. ಯುದ್ಧಕ್ಕೆ ಅಂಥ ಹಳೇ ಲೆಕ್ಕ ಎಲ್ಲಿ ಸಿಗುತ್ತದೆ? ಮೊಬೈಲ್ ತಡವಾದರೆ ಗಿರಾಕಿ ರೇಗುತ್ತಾನೆ, ಅಷ್ಟೆ.

ಲಡಾಖ್ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಕಾಶ್ಮೀರದಿಂದ ಅಲ್ಲಿಗೆ ಹೋಗುವ ಜೋಜಿ ಲಾ ಕಣಿವೆದಾರಿ ಹಿಮದಿಂದ ಮುಚ್ಚುವ ಮೊದಲು ಸೀಮೆಎಣ್ಣೆ, ಹಿಟ್ಟು, ಬೇಳೆ ಎಲ್ಲವನ್ನೂ ಮೇಲೆ ಹತ್ತಿಸಿಡುತ್ತಾರೆ. ನಿಮ್ಮ ಸೂತ್ರದ ಪ್ರಕಾರ ಅದು ದಂಡದ ದಾಸ್ತಾನು! ತಿಂಗಳುಗಟ್ಟಲೆ ಕೆಡದ ಊಟದ ಪೊಟ್ಟಣಗಳನ್ನು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ರೂಪಿಸಿದ್ದು ಕೂಡಿಟ್ಟುಕೊಳ್ಳುವುದಕ್ಕೇ ಅಲ್ಲವೆ?

ಮೊದಲೆರಡು ಪುಟ ತೆಗೆದುಹಾಕಿ, ಕಂಟೇನರಿನಿಂದ ಶುರುಮಾಡಿ. ಎಲ್ಲಿ ದಾಸ್ತಾನು ಇಳಿಸಬಹುದು, ಎಲ್ಲಿ ಇಳಿಸಲೇಕೂಡದು ಎಂದು ವಸ್ತುವಿನ ಹೆಸರು ಹಿಡಿದು ಬರೆಯಿರಿ. ಡ್ರೋನಿನ ಪ್ಯಾರಾ ಬೇಡ. 1,200 ಪದ ಮೀರದಿದ್ದರೆ ಮತ್ತೆ ಓದುತ್ತೇನೆ.

— ಸಂಪಾದಕ