ನಾಲಿಗೆಯ ಮೇಲಿನ ಮಣ್ಣು

ಭಾಲ್ಕಿಯ ಓದುಗರೊಬ್ಬರ ಪತ್ರ: "ನಮ್ಮ ಹಿರಿಯರ ಬೇಸಾಯದ, ಕುಶಲಕಲೆಯ ಮಾತುಗಳನ್ನೆಲ್ಲ ಧ್ವನಿಮುದ್ರಿಸಿ ಕೃತಕ ಬುದ್ಧಿಮತ್ತೆಗೆ ಉಣಿಸಿಬಿಟ್ಟರೆ ಅವು ಉಳಿದುಕೊಳ್ಳುತ್ತವಲ್ಲ. ಪತ್ರಿಕೆಯೇ ಇದನ್ನೊಂದು ಅಭಿಯಾನವಾಗಿ ಏಕೆ ಕೈಗೆತ್ತಿಕೊಳ್ಳಬಾರದು?"

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಕಾಳಜಿ ನಮ್ಮದೂ ಹೌದು. ನನ್ನ ತಕರಾರು ಇರುವುದು "ಉಣಿಸಿಬಿಟ್ಟರೆ" ಎಂಬ ಮಾತಿನ ಬಗ್ಗೆ. ಉಂಡವರು ಕೈತೊಳೆದುಕೊಂಡ ಮೇಲೆ ಬಡಿಸಿದವರ ಹೆಸರು ಯಾರಿಗೆ ನೆನಪಿರುತ್ತದೆ?

ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತ ಸವರಿ, ಬಳ್ಳಿ ಕೆತ್ತಿ, ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರು ತಾಗಿದಾಗ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಇಷ್ಟನ್ನು ಯಾವ ಯಂತ್ರವಾದರೂ ಒಪ್ಪಿಸೀತು. ಆದರೆ ಯಾವ ಮಣ್ಣು? ಬಿಸಿಲು, ಮಳೆ ಕಾಣದ ಜಾಗದ ಮಣ್ಣನ್ನು ಕುಶಲಕರ್ಮಿಗಳು ಚಿಟಿಕೆಯಷ್ಟು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ರುಚಿ ಹೇಗಿರಬೇಕು ಎಂದು ಹಿರಿಯರೊಬ್ಬರನ್ನು ಒಮ್ಮೆ ಕೇಳಿದ್ದೆ. ಅವರು ಮಾತಾಡದೆ ನನ್ನ ಅಂಗೈಗೆ ಎರಡು ಚಿಟಿಕೆ ಹಾಕಿದರು. ಒಂದು ಕೆಲಸಕ್ಕೆ ಬರುವುದು, ಇನ್ನೊಂದು ಬಾರದ್ದು. ನನಗೆ ಎರಡೂ ಬರೀ ಮಣ್ಣು. ಅಂದಿನ ಧ್ವನಿಮುದ್ರಣದಲ್ಲಿ ಆ ಹೊತ್ತಿಗೆ ಕೇಳಿಸುವುದು ಅವರ ನಗು ಮಾತ್ರ.

ಎಲ್ಲ ಅರಿವೂ ಹೀಗೆ ಮಾತಿಗೆ ಸಿಗದೆ ಹೋಗುತ್ತದೆ ಎಂದಲ್ಲ. ತೊಗರಿಗೆ ಕಾಯಿಕೊರಕ ಬಿದ್ದಾಗ ಕಲಬುರಗಿಯ ರೈತರು ಗಿಡವನ್ನು ಬಾಗಿಸಿ ಅಲುಗಿಸಿ, ಹುಳುಗಳನ್ನು ತಾಡಪತ್ರಿಯ ಮೇಲೆ ಉದುರಿಸುತ್ತಾರೆ. ಅಚ್ಚಾದ ಬರಹವನ್ನೇ ಓದಿ ಕಲಿತ ಯಂತ್ರ ಮೊದಲು ಕೀಟನಾಶಕದ ಹೆಸರನ್ನೇ ಹೇಳಿದರೆ ಆಶ್ಚರ್ಯವಿಲ್ಲ. ಇಂಥದ್ದು ಅದಕ್ಕೆ ತಿಳಿಯಲೇಬೇಕು. ಇಲ್ಲಿ ನಿಮ್ಮ ಮಾತಿಗೆ ನನ್ನದು ಪೂರ್ಣ ಒಪ್ಪಿಗೆ.

ಪ್ರಶ್ನೆ ಇರುವುದು ಕರಾರಿನದು. ನ್ಯೂಜಿಲೆಂಡಿನ ಮಾವೋರಿ ಜನರ ಟೆ ಹಿಕು ಎಂಬ ರೇಡಿಯೊ ಸಂಸ್ಥೆ 2018ರಲ್ಲಿ ತನ್ನ ಜನರನ್ನು ಕೇಳಿಕೊಂಡಾಗ, ಸುಮಾರು 2,500 ಮಂದಿ ಹತ್ತೇ ದಿನದಲ್ಲಿ 300 ಗಂಟೆಗೂ ಹೆಚ್ಚು ಮಾತನ್ನು ಓದಿಕೊಟ್ಟರು. ಅದರಿಂದ ಅವರ ಭಾಷೆಯನ್ನು ಕೇಳಿ ಬರೆದುಕೊಳ್ಳುವ ತಂತ್ರಾಂಶ ತಯಾರಾಯಿತು. ಹೊರಗಿನವರು ಹಣ ಕೊಡುತ್ತೇವೆಂದು ಬಂದರೂ ಆ ಧ್ವನಿಭಂಡಾರವನ್ನು ಅವರು ಮಾರಲಿಲ್ಲ. ಬಳಕೆಯಿಂದ ಬರುವ ಲಾಭ ಮಾವೋರಿಗಳಿಗೂ ತಲುಪಬೇಕು ಎಂಬ ಪರವಾನಗಿಯನ್ನು ತಾವೇ ಬರೆದುಕೊಂಡರು. ನಾವಾದರೋ ಗಾಯಕ್ಕೆ ಅರಿಶಿನ ಹಚ್ಚುವ ನಮ್ಮ ಮನೆಮದ್ದಿನ ಮೇಲೆ ಬೇರೆಯವರು ಪಡೆದ ಪೇಟೆಂಟನ್ನು ಅಮೆರಿಕದಲ್ಲಿ ಹೋರಾಡಿ 1997ರಲ್ಲಿ ರದ್ದು ಮಾಡಿಸಬೇಕಾಯಿತು. ಬಿದ್ರಿಗೆ 2006ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಅದು ಹೆಸರನ್ನು ಕಾಯುತ್ತದೆ. ಕುಶಲಕರ್ಮಿ ಹೇಳಿದ ಮಾತು ಯಂತ್ರದ ಹೊಟ್ಟೆ ಸೇರುವುದನ್ನು ತಡೆಯುವುದಿಲ್ಲ.

ಆದ್ದರಿಂದ ಅಭಿಯಾನ ಈಗಲೇ ಬೇಡ. ಮೊದಲು ಒಂದು ಹಾಳೆಯ ಒಪ್ಪಿಗೆಪತ್ರ ಬರೆಯೋಣ: ಹೇಳಿದವರ ಹೆಸರು, ಏನನ್ನು ಹೊರಗೆ ಹೇಳಬಾರದು, ಯಾರು ಬಳಸಬಹುದು, ಹಣ ಬಂದರೆ ಯಾರಿಗೆ. ಕರಡನ್ನು ನೀವೇ ಬರೆದು ಕಳಿಸಿದರೆ ಅಚ್ಚು ಹಾಕುತ್ತೇವೆ. ನೀವು ಈಗಾಗಲೇ ಹಿರಿಯರೊಬ್ಬರ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದರೆ ಅದು ಸದ್ಯಕ್ಕೆ ನಿಮ್ಮಲ್ಲಿಯೇ ಇರಲಿ. ಅದರ ಒಂದು ಪ್ರತಿಯನ್ನು ಮಾತ್ರ ಆ ಹಿರಿಯರ ಮನೆಗೆ ಕೊಟ್ಟುಬನ್ನಿ.